14ನೇ ಅಡಿಟಿಪ್ಪಣಿ: ದಾವಣಗೆರೆಯ ಒಂದು ವಿದ್ಯಾರ್ಥಿ ಕಾನೂನು ಪತ್ರಿಕೆಯ ಪ್ರಕರಣ

ಸೋಮವಾರ ಸಂಜೆ ಐದೂವರೆ ಇರಬಹುದು. ಲೈಬ್ರರಿ ಮುಚ್ಚುವ ಹೊತ್ತು. ಎರಡನೇ ವರ್ಷದ ಎಲ್‌ಎಲ್‌ಬಿ ಹುಡುಗನೊಬ್ಬ ಪ್ರೂಫ್ ಹಾಳೆ ಹಿಡಿದು ನನ್ನ ಟೇಬಲ್ ಹತ್ತಿರ ಬಂದು ನಿಂತ. "ಮೇಡಂ, 14ನೇ ಅಡಿಟಿಪ್ಪಣಿ ಸಿಗ್ತಾ ಇಲ್ಲ" ಅಂದ. ತೀರ್ಪುಗಳ ಸಂಪುಟ ಯಾರೋ ತಗೊಂಡು ಹೋಗಿರಬೇಕು ಅಂದುಕೊಂಡೆ. "ಪುಸ್ತಕ ಇದೆ ಮೇಡಂ. ಆ ಪುಟಾನೂ ಇದೆ. ಆ ಪುಟದಲ್ಲಿ ಆ ಕೇಸ್ ಇಲ್ಲ."

ಗುರುವಾರ ಪತ್ರಿಕೆ ಅಚ್ಚಿಗೆ ಹೋಗಬೇಕಿತ್ತು. ಮುಂದಿನ ವಾರ ಬಿಡುಗಡೆ. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು. ಆ ಲೇಖನ ಬರೆದವರೇ ಸಮಾರಂಭದ ಮುಖ್ಯ ಅತಿಥಿ. ಅಚ್ಚಿನ ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದವರೂ ಅವರೇ.

ಆ ಮೂರು ದಿನ ಏನಾಯಿತು, ಆಮೇಲಿನ ಏಳು ತಿಂಗಳಲ್ಲಿ ಏನಾಯಿತು ಅನ್ನುವುದೇ ಈ ಪ್ರಕರಣ. ನಾನು ಆ ಪತ್ರಿಕೆಯ ಸಲಹಾ ಅಧ್ಯಾಪಕಿ. ಕಾಲೇಜಿನ ಹೆಸರು, ಜನರ ಹೆಸರು ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಅದಲುಬದಲು ಮಾಡಿದ್ದೇನೆ. ತಪ್ಪಿನಲ್ಲಿ ನನ್ನ ಪಾಲು ಎಷ್ಟಿತ್ತೋ ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಪತ್ರಿಕೆ ಯಾಕೆ ಬೇಕಾಯಿತು

ಕಾನೂನಿನವರಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಬೇರೆ ವಿಷಯಗಳಲ್ಲಿ ಸಂಶೋಧನಾ ಪತ್ರಿಕೆಯನ್ನು ಪ್ರಾಧ್ಯಾಪಕರು ನಡೆಸುತ್ತಾರೆ. ಕಾನೂನಿನಲ್ಲಿ ಎಷ್ಟೋ ಕಡೆ ವಿದ್ಯಾರ್ಥಿಗಳೇ ಪ್ರಾಧ್ಯಾಪಕರ ಲೇಖನ ತಿದ್ದುತ್ತಾರೆ. ಬೇಡ ಅನಿಸಿದರೆ ವಾಪಸ್ಸೂ ಕಳಿಸುತ್ತಾರೆ. ಅಮೆರಿಕದಲ್ಲಿ ಇದು ಹಳೇ ಸಂಗತಿ. ಹಾರ್ವರ್ಡ್ ಲಾ ರಿವ್ಯೂವನ್ನು ವಿದ್ಯಾರ್ಥಿಗಳು ಶುರು ಮಾಡಿದ್ದು 1887ರಲ್ಲಿ. ಖಾಸಗಿತನದ ಹಕ್ಕಿನ ಬಗ್ಗೆ ವಾರೆನ್ ಮತ್ತು ಬ್ರಾಂಡೈಸ್ ಬರೆದ ಲೇಖನ 1890ರಲ್ಲಿ ಅದರಲ್ಲೇ ಬಂತು. ನಾವು ಇವತ್ತಿಗೂ ತರಗತಿಯಲ್ಲಿ ಅದರ ಹೆಸರು ಹೇಳುತ್ತೇವೆ. ಬರಾಕ್ ಒಬಾಮ 1990ರಲ್ಲಿ ಆ ಪತ್ರಿಕೆಯ ಅಧ್ಯಕ್ಷರಾದಾಗ ಇನ್ನೂ ವಿದ್ಯಾರ್ಥಿ. ನಮ್ಮ ದೇಶದಲ್ಲೂ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಕೋಲ್ಕತ್ತದ ಎನ್‌ಯುಜೆಎಸ್ ಮುಂತಾದ ಕಡೆ ವಿದ್ಯಾರ್ಥಿಗಳೇ ಸಂಪಾದಿಸುವ ಒಳ್ಳೆಯ ಪತ್ರಿಕೆಗಳಿವೆ.

ಅಲ್ಲಿನ ಮಕ್ಕಳಿಗೆ ಹಾಸ್ಟೆಲ್ ಮತ್ತು ಲೈಬ್ರರಿ ಒಂದೇ ಆವರಣದಲ್ಲಿ. ನಮ್ಮವರು ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಬಸ್ಸಿಗೆ ಬರುವವರು. ಒಬ್ಬಳು ಬೆಳಗ್ಗೆ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಾಳೆ. ಇನ್ನೊಬ್ಬ ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆದು ಕಾಲೇಜಿಗೆ ಓಡಿ ಬರುತ್ತಾನೆ. ಸಂಪಾದಕ ಮಂಡಳಿಯಲ್ಲಿ ಏಳು ಜನ. ಲೈಬ್ರರಿ ಮೂಲೆಯಲ್ಲಿ ಎರಡು ಕಂಪ್ಯೂಟರ್, ಒಂದು ಬೀರು. ಸಂಜೆ ಯಾರಾದರೂ ಮಂಡಕ್ಕಿ ಮೆಣಸಿನಕಾಯಿ ತಂದರೆ ಅವತ್ತು ಸಭೆ ಅಂತ ಅರ್ಥ. ಪ್ರೂಫ್ ಹಾಳೆಗಳ ಮೇಲೆಲ್ಲ ಎಣ್ಣೆ ಕಲೆ.

ಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಬೇಕು ಅಂತ ಹಟ ಮಾಡಿದ್ದು ವಿದ್ಯಾರ್ಥಿಗಳೇ. ಅವರ ವಾದ ಸರಿಯಾಗಿತ್ತು. ಸಂವಿಧಾನದ 348ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್, ಹೈಕೋರ್ಟ್‌ಗಳ ಕೆಲಸ ಇಂಗ್ಲಿಷಿನಲ್ಲಿ. ಆದರೆ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನ ಆದೇಶ, ತಾಲ್ಲೂಕು ಕಚೇರಿಯ ಹಿಂಬರಹ, ಪಂಚಾಯ್ತಿ ನೋಟಿಸು ಎಲ್ಲ ಕನ್ನಡದಲ್ಲಿ ಬರುತ್ತವೆ. ಜನರಿಗೆ ಮೊದಲು ತಟ್ಟುವ ಕಾನೂನು ಈ ಕಾಗದಗಳಲ್ಲಿದೆ. ಅದರ ಬಗ್ಗೆ ಬರೆಯುವವರೇ ಇಲ್ಲ.

ಪ್ರಿನ್ಸಿಪಾಲರ ಉತ್ಸಾಹಕ್ಕೆ ಬೇರೆ ಕಾರಣ ಇತ್ತು. ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬರುವುದಿತ್ತು. "ಯುಜಿಸಿ ಲಿಸ್ಟಿಗೆ ಸೇರಿಸೋಕಾಗುತ್ತಾ?" ಅಂತ ಕೇಳಿದರು. ಯುಜಿಸಿ ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ಆ ಕೇರ್ ಪಟ್ಟಿಯನ್ನೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತ್ತು. "ಹೋಗಲಿ, ಐಎಸ್‌ಎಸ್‌ಎನ್ ಆದ್ರೂ ತಗೊಳ್ಳಿ." ದೆಹಲಿಯ ಸಿಎಸ್‌ಐಆರ್ ಸಂಸ್ಥೆಯೊಂದು ಅದನ್ನು ಪುಕ್ಕಟೆ ಕೊಡುತ್ತೆ. ಎಂಟು ಅಂಕಿಯ ಒಂದು ಗುರುತಿನ ಸಂಖ್ಯೆ, ಅಷ್ಟೇ. ಪತ್ರಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಷ್ಟಾದರೂ ಆ ಸಂಖ್ಯೆ ಇದ್ದರೆ ದೊಡ್ಡ ಪತ್ರಿಕೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ಇರಲಿ. ನೋಂದಣಿ ಬೇಕಾ ಅಂತಲೂ ಕೇಳಿದರು. 2023ರ ಹೊಸ ಪತ್ರಿಕಾ ನೋಂದಣಿ ಕಾಯ್ದೆ ಶೈಕ್ಷಣಿಕ ಪತ್ರಿಕೆಗಳನ್ನು ಹೊರಗಿಟ್ಟಿದೆ. ಆ ತಲೆನೋವು ತಪ್ಪಿತು.

ಉಳಿದದ್ದು ಲೇಖಕರಿಗೆ ಕೊಡುವ ಸೂಚನೆಗಳು. ಅದನ್ನು ನಾನು ಒಂದು ರಾತ್ರಿ ಕೂತು ಬರೆದೆ. ಬರೆದೆ ಅನ್ನುವುದಕ್ಕಿಂತ ಅಲ್ಲಿಂದ ಇಲ್ಲಿಂದ ಎತ್ತಿ ಜೋಡಿಸಿದೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ಲೇಖನದಲ್ಲಿ ಕನಿಷ್ಠ 20 ಅಡಿಟಿಪ್ಪಣಿಗಳು ಇರಬೇಕು." ಈ ಸಾಲು ನೆನಪಿರಲಿ.

ಲೇಖನ

ಬರೆದವರು ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿ, ಹಿರಿಯ ವಕೀಲರು. ಎ.ಸಿ. ಮತ್ತು ಡಿ.ಸಿ. ಕೋರ್ಟುಗಳಲ್ಲಿ ಜಮೀನು ಕೇಸು ನಡೆಸಿಯೇ ತಲೆ ನರೆಸಿಕೊಂಡವರು. ವಿಷಯ ಪಿಟಿಸಿಎಲ್. ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕರ್ನಾಟಕ ಕಾಯ್ದೆ.

ಈ ಕಡೆ ಹಳ್ಳಿಗಳಲ್ಲಿ ಪಿಟಿಸಿಎಲ್ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಜಮೀನು ಕೊಟ್ಟಾಗ ಇಷ್ಟು ವರ್ಷ ಮಾರಬಾರದು ಅಂತ ಷರತ್ತು ಹಾಕಿರುತ್ತೆ. ಮಗಳ ಮದುವೆ, ಆಸ್ಪತ್ರೆ, ಎರಡು ವರ್ಷ ಸತತ ಬರ, ಏನೋ ಒಂದಕ್ಕೆ ಸಿಕ್ಕ ಬೆಲೆಗೆ ಕೊಟ್ಟುಬಿಟ್ಟಿರುತ್ತಾರೆ. ಷರತ್ತು ಮುರಿದು ಆದ ಮಾರಾಟ ಕಾಯ್ದೆ ಬರುವ ಮುಂಚಿನದಾದರೂ ಅಸಿಂಧು ಅನ್ನುತ್ತದೆ 4ನೇ ಕಲಂ. 5ನೇ ಕಲಂ ಪ್ರಕಾರ ಎ.ಸಿ. ಆ ಜಮೀನು ಬಿಡಿಸಿ ಮೂಲ ಮಂಜೂರಿದಾರರ ಮನೆಯವರಿಗೆ ಕೊಡಿಸಬಹುದು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

ತಕರಾರು ಇರುವುದು ಎಷ್ಟು ವರ್ಷದೊಳಗೆ ಕೇಳಬೇಕು ಅನ್ನುವುದರಲ್ಲಿ. ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಲಮಿತಿ ಇಲ್ಲದಿದ್ದರೂ ಸಮಂಜಸವಾದ ಅವಧಿಯಲ್ಲಿ ಬರಬೇಕು, ಸುಮಾರು 25 ವರ್ಷ ಬಿಟ್ಟು ಬಂದರೆ ಆಗದು ಅಂದಿತು. ಆಮೇಲೆ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಅರ್ಜಿಗಳು ಬೀಳತೊಡಗಿದವು. ಹೋರಾಟಗಳಾದವು. 2023ರಲ್ಲಿ ವಿಧಾನಮಂಡಲ 5ನೇ ಕಲಂಗೆ ತಿದ್ದುಪಡಿ ತಂದು, ಕಾಲಮಿತಿ ಇಲ್ಲ, ನಡೆಯುತ್ತಿರುವ ಕೇಸುಗಳಿಗೂ ಇದು ಅನ್ವಯ ಅಂತ ಬರೆಯಿತು. ಜನ ಸಮಾಧಾನ ಪಟ್ಟರು. 2024ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ಅತಿಯಾದ ವಿಳಂಬ ಬೇರೆ, ತಿದ್ದುಪಡಿ ಮೊದಲನೆಯದನ್ನು ತೆಗೆದಿದೆ, ಎರಡನೆಯದನ್ನಲ್ಲ ಅಂದುಬಿಟ್ಟಿತು.

ವಕೀಲರ ಲೇಖನ ತಿದ್ದುಪಡಿಯ ತನಕ ಬಂದು ನಿಂತಿತ್ತು. 2024ರ ತೀರ್ಪಿನ ಸುದ್ದಿಯೇ ಇರಲಿಲ್ಲ. ಅದರ ಬದಲು ಒಂದು ವಾಕ್ಯ ಇತ್ತು. ತಿದ್ದುಪಡಿಯ ನಂತರ ವಿಳಂಬದ ಪ್ರಶ್ನೆಯೇ ಏಳುವುದಿಲ್ಲ ಎಂದು ಸುಪ್ರೀಂ ಕೋರ್ಟೂ ಸ್ಪಷ್ಟಪಡಿಸಿದೆ ಅಂತ. ಅದರ ಮೇಲೆ 14ನೇ ನಂಬರು.

ಆದರೆ ಲೇಖನದ ಉಳಿದ ಭಾಗ ಬಂಗಾರ. ಮಂಜೂರಾತಿ ಕಡತ ತಾಲ್ಲೂಕು ಕಚೇರಿಯಲ್ಲಿ ಹೇಗೆ ಕಾಣೆಯಾಗುತ್ತೆ, ಸಾಗುವಳಿ ಚೀಟಿ ಇಲ್ಲದೆ ಕೈಬರಹದ ಹಳೇ ಪಹಣಿ ಇಟ್ಟುಕೊಂಡು ಷರತ್ತು ಏನಿತ್ತು ಅಂತ ಹೇಗೆ ಸಾಬೀತು ಮಾಡಬೇಕು, ಅರ್ಜಿದಾರ ತೀರಿಕೊಂಡ ಮೇಲೆ ವಾರಸುದಾರರ ಜಗಳ ಕೇಸನ್ನು ಹೇಗೆ ನುಂಗುತ್ತೆ. ಇದನ್ನೆಲ್ಲ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಓದಿದ ತಕ್ಷಣ ನಾನೇ ಒಪ್ಪಿಕೊಂಡುಬಿಟ್ಟೆ. ಬೇರೆ ಲೇಖನಗಳನ್ನು ಹೆಸರು ತೆಗೆದು ಇಬ್ಬರು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದೆವು. ಇದನ್ನು ಕೊಡಲಿಲ್ಲ. ನಮ್ಮ ಹಿರಿಯರು, ಅದಕ್ಕೆಂಥ ಪರಿಶೀಲನೆ ಅಂದುಕೊಂಡೆ. ಹೆಸರು ತೆಗೆದಿದ್ದರೂ ಏನೂ ಉಪಯೋಗ ಆಗುತ್ತಿರಲಿಲ್ಲ ಅನ್ನಿ. ಎರಡು ಪುಟ ಓದಿದರೆ ದಾವಣಗೆರೆ ಕೋರ್ಟಿನ ಆವರಣದಲ್ಲಿ ಚಹಾ ಮಾರುವವನೂ ಇದು ಯಾರು ಬರೆದಿದ್ದು ಅಂತ ಹೇಳುತ್ತಿದ್ದ.

ಹುಡುಗ ಹುಡುಕಿದ್ದು

ಅಡಿಟಿಪ್ಪಣಿ ಪರಿಶೀಲನೆ ಅಂದರೆ ಎಲ್ಲರೂ ಮೂಗು ಮುರಿಯುವ ಕೆಲಸ. ಸಂಪಾದಕೀಯ ಬರೆಯಲು ಪೈಪೋಟಿ ಇರುತ್ತೆ. ಸಂಪುಟ ತೆಗೆದು ಪುಟ ತಾಳೆ ನೋಡಲು ಯಾರೂ ಬರುವುದಿಲ್ಲ. ಅದನ್ನು ಕಿರಿಯರ ತಲೆಗೆ ಕಟ್ಟುತ್ತೇವೆ. ಈ ಹುಡುಗನಿಗೂ ಹಾಗೇ ಬಂದಿದ್ದು.

ಅವನು ನೋಡಿದ ಕ್ರಮ ಹೇಳುತ್ತೇನೆ. ಮೊದಲು ನೆಕ್ಕಂಟಿ ಪ್ರಕರಣ. ಲೇಖನದಲ್ಲಿ 2020ರ ತೀರ್ಪು ಅಂತ ಇತ್ತು. ಎಸ್‌ಸಿಸಿ ಅನ್ನುವ ತೀರ್ಪು ವರದಿಗಳ ಸರಣಿಯಲ್ಲಿ 2020ರ 14ನೇ ಸಂಪುಟದ 232ನೇ ಪುಟದಲ್ಲಿ ಅದು ಸಿಗುವುದು ನಿಜ. ತೀರ್ಪು ಬಂದಿದ್ದು ಮಾತ್ರ 2017ರ ಅಕ್ಟೋಬರ್‌ನಲ್ಲಿ. ಸಣ್ಣ ತಪ್ಪು, ಬಹಳ ಜನ ಮಾಡುತ್ತಾರೆ. ಆದರೆ ಆ ತೀರ್ಪು ಬಂದ ಮೇಲೆ ಎಷ್ಟು ವರ್ಷ ಅರ್ಜಿಗಳು ಬಿದ್ದವು ಅನ್ನುವ ಲೆಕ್ಕದಲ್ಲಿ ಮೂರು ವರ್ಷ ಮಾಯವಾಗಿಬಿಡುತ್ತೆ. ಅದನ್ನು ಅವನೇ ಪೆನ್ಸಿಲಿನಲ್ಲಿ ತಿದ್ದಿದ.

ಆಮೇಲೆ 14. ಕೊಟ್ಟಿದ್ದ ಸಂಪುಟದ ಪುಟ ತೆಗೆದರೆ ಅಲ್ಲಿ ವಿಮೆಯ ಯಾವುದೋ ಕೇಸು. ಅಕ್ಕಪಕ್ಕದ ಪುಟ ನೋಡಿದ. ಅಂಕಿ ಹಿಂದುಮುಂದಾಗಿರಬಹುದು ಅಂತ ಬೇರೆ ಸಂಪುಟ ನೋಡಿದ. ಇಂಡಿಯನ್ ಕಾನೂನ್ ತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ನೋಡಿದ. ಸುಪ್ರೀಂ ಕೋರ್ಟ್ 2023ರಿಂದ ತನ್ನ ವರದಿಗಳನ್ನು ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆ ಇಟ್ಟಿದೆ. ಅಲ್ಲೂ ಇಲ್ಲ. ಕೊನೆಗೆ ಅವನಿಗೆ ಹೊಳೆದದ್ದು ದಿನಾಂಕ. ಕ್ಯಾಲೆಂಡರ್ ತೆಗೆದು ನೋಡಿದರೆ ಆ ತೀರ್ಪು ಬಂದ ದಿನ ಭಾನುವಾರ.

ಆ ಕೇಸಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಲ್ಲದ ತೀರ್ಪಿಗೆ ಇನ್ನೊಂದು ಸಲ ಜನ್ಮ ಕೊಡೋದು ಬೇಡ.

ಇದು ಎಲ್ಲಿಂದ ಬಂದಿರಬಹುದು ಅಂತ ನನಗೆ ಆ ಕ್ಷಣಕ್ಕೇ ಗುಮಾನಿ ಬಂತು. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಕೋರ್ಟೊಂದು, ಚಾಟ್‌ಜಿಪಿಟಿ ಹುಟ್ಟಿಸಿದ ಸುಳ್ಳು ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ 5,000 ಡಾಲರ್ ದಂಡ ಹಾಕಿದ್ದನ್ನು ತರಗತಿಯಲ್ಲಿ ಹೇಳಿದ್ದೆ. ಅಷ್ಟು ದೂರ ಯಾಕೆ, 2025ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟೇ ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿದ್ದನ್ನು ಕಂಡು ಕ್ರಮಕ್ಕೆ ಸೂಚಿಸಿತ್ತು. ಹೇಳಿದ್ದೆ, ಮಕ್ಕಳು ನಕ್ಕಿದ್ದರು, ಪಾಠ ಮುಗಿದಿತ್ತು.

ಅವನಿಗೆ "ಯಾರಿಗೂ ಹೇಳಬೇಡ, ನಾಳೆ ನೋಡೋಣ" ಅಂದೆ. ಅದು ತಪ್ಪು. ಪ್ರಧಾನ ಸಂಪಾದಕಿಗೆ ಮೊದಲು ಹೇಳಬೇಕಿತ್ತು. ಪತ್ರಿಕೆ ಅವರದು, ನನ್ನದಲ್ಲ. ಪುಣ್ಯಕ್ಕೆ ಅವನು ನನ್ನ ಮಾತು ಕೇಳಲಿಲ್ಲ. ರಾತ್ರಿಯೇ ಅವಳಿಗೆ ಫೋನ್ ಮಾಡಿ "ಅಕ್ಕ, ಹಿಂಗಾಗಿದೆ" ಅಂದಿದ್ದ.

ಒಂದು ಸಾಲು ತೆಗೆದರೆ ಆಯ್ತಲ್ವಾ

ಮಂಗಳವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತೆವು. ಅವರದು ಸರಳ ಪರಿಹಾರ. "ಒಂದು ಅಡಿಟಿಪ್ಪಣಿ ತಾನೆ? ತೆಗೆದುಹಾಕಿ. ಯಾರಿಗೆ ಗೊತ್ತಾಗುತ್ತೆ? ಅವರಿಗೆ ಹೇಳೋದೂ ಬೇಡ, ಬೇಜಾರು ಮಾಡ್ಕೋತಾರೆ." ನಿಜ ಹೇಳಬೇಕೆಂದರೆ ನನಗೂ ಅದು ಸರಿ ಅನಿಸಿತ್ತು. ದುಡ್ಡು ಕೊಡುವವರು. ಮುಖ್ಯ ಅತಿಥಿ. ಮೊದಲ ಸಂಚಿಕೆ.

ಪ್ರಧಾನ ಸಂಪಾದಕಿ ಐದು ವರ್ಷದ ಕೋರ್ಸಿನ ಕೊನೇ ವರ್ಷದವಳು. ಮಾತು ಕಡಿಮೆ. ಅವಳು ಹೇಳಿದ್ದಿಷ್ಟು: "ಸರ್, ಟಿಪ್ಪಣಿ ತೆಗೆದ್ರೆ ವಾಕ್ಯ ಹಂಗೇ ಉಳಿಯುತ್ತೆ. ಸುಪ್ರೀಂ ಕೋರ್ಟ್ ಹೇಳಿದೆ ಅಂತ ನಾವೇ ಹೇಳಿದಂಗಾಯ್ತು. ವಾಕ್ಯ ತೆಗೆದ್ರೆ ಕೊನೇ ಭಾಗ ಪೂರ್ತಿ ಕುಸಿಯುತ್ತೆ, ಯಾಕಂದ್ರೆ ಅದರ ಮೇಲೇ ನಿಂತಿರೋದು. ಕೊನೇ ಭಾಗ ನಾವು ಬರೆಯೋಕೆ ಬರಲ್ಲ. ಅವರೇ ಬರೀಬೇಕು."

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಈ ಮಾತು. ಸಂಪಾದಕರು ಲೇಖಕರ ವ್ಯಾಕರಣ ತಿದ್ದಬಹುದು, ಉದ್ದ ಕತ್ತರಿಸಬಹುದು. ವಾದವನ್ನು ಗುಟ್ಟಾಗಿ ಬದಲಿಸಿದರೆ ಅದು ಸಂಪಾದನೆ ಅಲ್ಲ. ಲೇಖಕರ ಹೆಸರಿನಲ್ಲಿ ಇನ್ನೊಬ್ಬರು ಬರೆದ ಹಾಗೆ. ಮರ್ಯಾದೆ ಉಳಿಸಲು ಹೋಗಿ ಅವರ ಹೆಸರನ್ನೇ ದುರುಪಯೋಗ ಮಾಡಿಕೊಳ್ಳುತ್ತಿದ್ದೆವು.

ಪ್ರೆಸ್ಸಿನ ಕಡೆಯಿಂದಲೂ ಒಂದು ಪಾಠ ಬಂತು. ಒಂದು ಸಾಲು ತೆಗೆಯುವುದು ಎಷ್ಟು ಸುಲಭ ಅಂತ ಕೇಳಲು ಡಿಟಿಪಿಯವರ ಹತ್ತಿರ ಹೋದರೆ ಅವರು ತಲೆ ಕೆರೆದುಕೊಂಡರು. ಪೇಜ್‌ಮೇಕರ್‌ನಲ್ಲಿ ಅಡಿಟಿಪ್ಪಣಿ ನಂಬರು ತಾನಾಗಿ ಬರುವುದಿಲ್ಲ, ಕೈಯಲ್ಲಿ ಹಾಕಬೇಕು. 14 ಹೋದರೆ 15 ಅನ್ನುವುದು 14 ಆಗಬೇಕು, 16 ಅನ್ನುವುದು 15. ಮೇಲೆ ಒಂದು ಸಲ, ಕೆಳಗೆ ಒಂದು ಸಲ. ಜೊತೆಗೆ ಯೂನಿಕೋಡಿನಿಂದ ನುಡಿ ಫಾಂಟಿಗೆ ಬದಲಿಸುವಾಗ ಒತ್ತಕ್ಷರಗಳು ಕಿತ್ತುಹೋಗಿ, ಅದನ್ನು ಎರಡು ದಿನ ಕೂತು ಸರಿಮಾಡಿದ್ದರು. "ಈಗ ಮತ್ತೆ ಮುಟ್ಟಿದ್ರೆ ಹೊಸಾ ತಪ್ಪು ಹುಟ್ಟುತ್ತೆ ಮೇಡಂ, ಆಮೇಲೆ ನನ್ನ ಬೈಬೇಡಿ" ಅಂದರು. ಮುಖಪುಟ, ಹಿಂಪುಟ ಬಣ್ಣದಲ್ಲಿ ಆಗಲೇ ಅಚ್ಚಾಗಿತ್ತು. ಹಿಂಪುಟದಲ್ಲೇ ಪರಿವಿಡಿ. ಮೊದಲ ಹೆಸರೇ ವಕೀಲರದು.

ವಕೀಲರ ಆಫೀಸಿನಲ್ಲಿ

ಬುಧವಾರ ಸಂಜೆ ಕೋರ್ಟು ಮುಗಿದ ಮೇಲೆ ಮೂವರೂ ಹೋದೆವು. ನಾನು, ಪ್ರಧಾನ ಸಂಪಾದಕಿ, ಆ ಹುಡುಗ. ಹುಡುಗನನ್ನು ಕರೆದುಕೊಂಡು ಹೋಗಬೇಕಾ ಅಂತ ನಾನು ಅನುಮಾನ ಪಟ್ಟೆ. "ಹುಡುಕಿದವನು ಅವನು, ಅವನೇ ತೋರಿಸಲಿ" ಅಂದಳು ಅವಳು.

ಮೊದಲು ಕಾಫಿ ಬಂತು. ಆಮೇಲೆ ವಿಷಯ. ಹುಡುಗ ಸಂಪುಟದ ಜೆರಾಕ್ಸ್ ಟೇಬಲ್ ಮೇಲಿಟ್ಟ. ವಕೀಲರು ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಕೆಂಪಾಯಿತು. "ಏನಮ್ಮ, ನಾನು ಮೂವತ್ತು ವರ್ಷದಿಂದ ಇದೇ ಕೇಸು ನಡೆಸ್ತಿದೀನಿ. ಈ ಹುಡುಗ ಇನ್ನೂ ಕರಿಕೋಟು ಹಾಕಿಲ್ಲ. ಇವನು ನನ್ನ ಪರೀಕ್ಷೆ ಮಾಡ್ತಾನಾ?"

ಯಾರೂ ಉತ್ತರ ಕೊಡಲಿಲ್ಲ. ಅವರೇ ಜೂನಿಯರನ್ನು ಕೂಗಿದರು. ಆತ ಬಂದ, ಜೆರಾಕ್ಸ್ ನೋಡಿದ, ನೆಲ ನೋಡಿದ. ಲೇಖನ ಕೈಬರಹದಲ್ಲಿತ್ತಂತೆ. ಟೈಪ್ ಮಾಡಿದ್ದು ಆತ. ಟಿಪ್ಪಣಿ ಎಣಿಸಿದರೆ 17 ಇತ್ತು. ನಮ್ಮ ಸೂಚನೆಯಲ್ಲಿ 20 ಬೇಕು ಅಂತ ಇತ್ತಲ್ಲ. ಮೊಬೈಲಿನಲ್ಲಿ ಎಐ ಆ್ಯಪಿಗೆ ಕೇಳಿ ಮೂರು ಸೇರಿಸಿದ್ದ. ಎರಡು ಹೇಗೋ ಸರಿ ಇದ್ದವು. ಮೂರನೆಯದು ಇದು. ಟಿಪ್ಪಣಿಗೆ ಹೊಂದುವ ಹಾಗೆ ವಾಕ್ಯವನ್ನೂ ಅವನೇ ಒಂಚೂರು ಜೋರು ಮಾಡಿದ್ದ. ಸಾಹೇಬರು ತಿದ್ದಿದ ಪ್ರತಿ ಓದಿರಲಿಲ್ಲ.

ಆ 20ರ ಸಾಲು ನನ್ನದು. ಲೇಖನ ಗಟ್ಟಿಯಾಗಿರಲಿ ಅಂತ ಹಾಕಿದ ನಿಯಮ ಜೊಳ್ಳು ತುಂಬಿಸಿತ್ತು. 17 ಟಿಪ್ಪಣಿಯಲ್ಲಿ ಅವರ ಮೂವತ್ತು ವರ್ಷ ಇತ್ತು, ಉಳಿದ ಮೂರು ನನಗೋಸ್ಕರ ಬಂದಿದ್ದು. ಅದನ್ನು ಅಲ್ಲೇ ಹೇಳಿದೆ. ಹೇಳಿದ ಮೇಲೆ ಕೋಣೆ ಸ್ವಲ್ಪ ತಣ್ಣಗಾಯಿತು. "ತೆಗೀರಿ ಅದನ್ನ" ಅಂದರು ವಕೀಲರು. ಕ್ಷಮೆ ಕೇಳಲಿಲ್ಲ. ನಾವೂ ನಿರೀಕ್ಷಿಸಿರಲಿಲ್ಲ.

ಅಲ್ಲಿಗೆ ಎದ್ದು ಬರಬಹುದಿತ್ತು. ಪ್ರಧಾನ ಸಂಪಾದಕಿ ಚೀಲದಿಂದ ಇನ್ನೊಂದು ಕಟ್ಟು ತೆಗೆದಳು. 2024ರ ಹೈಕೋರ್ಟ್ ತೀರ್ಪು. "ಸರ್, ಇದನ್ನೂ ಸೇರಿಸಬೇಕು."

"ಗೊತ್ತು ನನಗೆ. ಆ ತೀರ್ಪು ತಪ್ಪು."

"ತಪ್ಪು ಅಂತಾನೇ ಬರೀರಿ ಸರ್. ಆದ್ರೆ ಅದು ಇದೆ ಅಂತ ಬರೀಬೇಕು."

ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಗೊತ್ತಾದ ವಿಷಯ ಏನಂದರೆ, ಡಿ.ಸಿ. ಮುಂದೆ ಅವರದೇ ಒಂದು ಅಪೀಲು ಬಾಕಿ ಇತ್ತು. ಪ್ರಶ್ನೆಯೂ ಇದೇ. ಅವರು ಮಂಜೂರಿದಾರರ ಪರ. ಎದುರಾಳಿ ವಕೀಲರ ಕೈಗೆ ಅಸ್ತ್ರ ಕೊಡುವ ಹಾಗೆ ತಾವೇ ಆ ತೀರ್ಪಿನ ಬಗ್ಗೆ ಬರೆಯಬೇಕಾ ಅನ್ನುವುದು ಅವರ ಸಂಕಟ. ಆ ಸಂಕಟ ನನಗೆ ಅರ್ಥವಾಗುತ್ತೆ. ವಕೀಲರು ಕಕ್ಷಿದಾರರ ಪರ ವಾದ ಮಾಡಬೇಕು. ಲೇಖಕರು ಓದುಗರಿಗೆ ಎರಡೂ ಕಡೆ ತೋರಿಸಬೇಕು. ಒಬ್ಬರೇ ಎರಡೂ ಆದಾಗ ಓದುಗರಿಗೆ ಅದು ಗೊತ್ತಿರಬೇಕು. ನಮ್ಮ ಫಾರಂನಲ್ಲಿ ಅದನ್ನು ಕೇಳುವ ಜಾಗವೇ ಇರಲಿಲ್ಲ. "ಈ ಲೇಖನ ಬೇರೆಲ್ಲಾದರೂ ಪ್ರಕಟವಾಗಿದೆಯೇ?" ಅಂತ ಮಾತ್ರ ಕೇಳಿದ್ದೆವು.

"ಗುರುವಾರದೊಳಗೆ ಆಗಲ್ಲ" ಅಂದರು ಕೊನೆಗೆ. "ಮುಂದಿನ ಸಂಚಿಕೆಗೆ ಇಟ್ಕೊಳ್ಳಿ."

ಬಿಡುಗಡೆ, ಆಮೇಲೆ

ಎಂಟು ಲೇಖನದ ಸಂಚಿಕೆ ಏಳಕ್ಕೆ ಇಳಿಯಿತು. ಪ್ಲೇಟ್ ಇನ್ನೂ ಆಗಿರಲಿಲ್ಲ, ಹಾಗಾಗಿ ಪುಟಸಂಖ್ಯೆ ಬದಲಿಸಲು ಪ್ರೆಸ್ಸಿನವರು ಒಪ್ಪಿದರು. ಬೈಯುತ್ತಲೇ ಮಾಡಿದರು. ಹಿಂಪುಟ ಮತ್ತೆ ಅಚ್ಚು ಹಾಕಿಸಲು ದುಡ್ಡಿರಲಿಲ್ಲ. ಪರಿವಿಡಿಯ ಜಾಗಕ್ಕೆ ಹೊಸ ಚೀಟಿ ಅಚ್ಚು ಮಾಡಿಸಿ, ಎಲ್ಲ ಪ್ರತಿಗೂ ಮಕ್ಕಳು ಕೂತು ಗೋಂದಿನಲ್ಲಿ ಅಂಟಿಸಿದರು. ಬೆಳಕಿಗೆ ಹಿಡಿದರೆ ಅಡಿಯಲ್ಲಿ ಹಳೇ ಹೆಸರು ಕಾಣುತ್ತೆ. ನನ್ನ ಬಳಿ ಒಂದು ಪ್ರತಿ ಇದೆ.

ವಕೀಲರು ಸಮಾರಂಭಕ್ಕೆ ಬಂದರು. ಬರುತ್ತಾರೋ ಇಲ್ಲವೋ ಅಂತ ನಾವು ಗೇಟಿನ ಕಡೆಯೇ ನೋಡುತ್ತಿದ್ದೆವು. ಹತ್ತಿ ಗಿರಣಿ ಕಾಲದ ದಾವಣಗೆರೆ, ತಾವು ಓದುವಾಗ ಇದ್ದ ಕಾಲೇಜು, ಗೆಳೆಯರ ಜೊತೆ ಬೆಣ್ಣೆ ದೋಸೆಗೆ ಹೋಗುತ್ತಿದ್ದದ್ದು, ಇದನ್ನೇ ಇಪ್ಪತ್ತು ನಿಮಿಷ ಮಾತಾಡಿದರು. ಲೇಖನದ ಸುದ್ದಿ ಎತ್ತಲಿಲ್ಲ. ಅಚ್ಚಿನ ದುಡ್ಡು ಮೂರು ತಿಂಗಳ ಮೇಲೆ ಬಂತು. ಅದು ಬೇಜಾರಿನ ತಡವೋ, ಸಾಮಾನ್ಯ ತಡವೋ, ನಾನು ಕೇಳಲಿಲ್ಲ. ಅಲ್ಲಿಯವರೆಗೆ ಪ್ರೆಸ್ಸಿನವರಿಗೆ ನಾನು ಮುಖ ತೋರಿಸಿರಲಿಲ್ಲ.

ಈ ಪ್ರಕರಣವನ್ನು ಎಐ ಮಾಡಿದ ಅವಾಂತರ ಅಂತ ಹೇಳಿ ಮುಗಿಸುವವರಿದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಹಾಗೇ ಮುಗಿಸಿದರು. ನಾನು ಒಪ್ಪುವುದಿಲ್ಲ. ಆ್ಯಪ್ ಇರದಿದ್ದ ಕಾಲದಲ್ಲೂ ಇನ್ನೊಬ್ಬರ ಲೇಖನದಿಂದ ಟಿಪ್ಪಣಿ ಎತ್ತಿ, ತೀರ್ಪು ಓದದೆ ಹಾಕುವವರು ಇದ್ದೇ ಇದ್ದರು. 2017ನ್ನು 2020 ಮಾಡಿದ್ದು ಯಾವ ಯಂತ್ರವೂ ಅಲ್ಲ. ಸಾಮ್ಯತೆ ಪತ್ತೆ ಮಾಡುವ ಸಾಫ್ಟ್‌ವೇರ್ ಇದೆಯಲ್ಲ ಅಂತ ಇನ್ನೊಬ್ಬರು ಕೇಳಿದರು. 2018ರ ಯುಜಿಸಿ ನಿಯಮದಲ್ಲಿ ಶೇ. 10ರವರೆಗೆ ಸಾಮ್ಯತೆ ಇದ್ದರೆ ದಂಡನೆ ಇಲ್ಲ. ಈ ಲೇಖನ ಅದರಲ್ಲಿ ಆರಾಮಾಗಿ ಪಾಸಾಗುತ್ತಿತ್ತು. ಇಲ್ಲದ ತೀರ್ಪು ಯಾವುದಕ್ಕೂ ಸಾಮ್ಯ ಇರುವುದಿಲ್ಲ ಅಲ್ವಾ? ಕಳ್ಳತನ ಹಿಡಿಯುವ ಯಂತ್ರಕ್ಕೆ ಕಟ್ಟುಕಥೆ ಕಾಣುವುದಿಲ್ಲ.

ಹಿಡಿದದ್ದು ಸಂಪುಟ ಬಿಚ್ಚಿ ನೋಡಿದ ಒಬ್ಬ ಹುಡುಗ. ಹಿಡಿದ ಮೇಲೂ ಅದು ನಿಂತದ್ದು, ದೊಡ್ಡವರ ಮುಂದೆ ಆಗಲ್ಲ ಅನ್ನುವ ಅಧಿಕಾರ ಒಬ್ಬ ವಿದ್ಯಾರ್ಥಿನಿಗೆ ಇತ್ತು ಅನ್ನುವುದರಿಂದ. ಅಧಿಕಾರ ಕಾಗದದ ಮೇಲೆ ಇರಲಿಲ್ಲ. ನಮ್ಮ ನಿಯಮಾವಳಿಯಲ್ಲಿ ಕೊನೇ ತೀರ್ಮಾನ ಯಾರದು ಅಂತಲೇ ಬರೆದಿರಲಿಲ್ಲ. ಅವಳು ತಗೊಂಡಳು, ಅಷ್ಟೇ. ಮುಂದಿನ ವರ್ಷದ ಸಂಪಾದಕರು ತಗೊಳ್ಳುತ್ತಾರೆ ಅಂತ ಏನು ಖಾತ್ರಿ? ವಿದ್ಯಾರ್ಥಿ ಪತ್ರಿಕೆಯ ದೊಡ್ಡ ತೊಂದರೆ ಇದು. ಕೆಲಸ ಕಲಿತವರು ಪಾಸಾಗಿ ಹೋಗಿಬಿಡುತ್ತಾರೆ. ಅವಳೂ ಹೋದಳು. ಈಗ ಬೆಂಗಳೂರಿನಲ್ಲಿ ಪ್ರಾಕ್ಟೀಸು.

ಹೋಗುವ ಮುಂಚೆ ಒಂದು ಹಾಳೆ ಮಾಡಿಟ್ಟು ಹೋದಳು. ನಾಲ್ಕು ಕಾಲಂ. ಯಾವ ತೀರ್ಪು, ಎಲ್ಲಿ ತೆರೆದು ಓದಿದೆ, ಯಾವ ಪ್ಯಾರಾ, ಆಮೇಲೆ ತಿದ್ದುಪಡಿಯೋ ಬೇರೆ ತೀರ್ಪೋ ಬಂದಿದೆಯಾ. ಕೆಳಗೆ ಓದಿದವರ ಸಹಿ. 20 ಅಡಿಟಿಪ್ಪಣಿಯ ನಿಯಮ ಹೋಯಿತು. ಅದನ್ನು ನಾನೇ ಹೊಡೆದುಹಾಕಿದೆ. ಲೇಖಕರ ಫಾರಂಗೆ ಹೊಸ ಪ್ರಶ್ನೆ ಸೇರಿತು: "ಈ ವಿಷಯದ ಯಾವುದಾದರೂ ಪ್ರಕರಣದಲ್ಲಿ ನೀವು ಅಥವಾ ನಿಮ್ಮ ಮನೆಯವರು ಕಕ್ಷಿದಾರರೋ ವಕೀಲರೋ ಆಗಿದ್ದೀರಾ?" ಕೊನೇ ತೀರ್ಮಾನ ಪ್ರಧಾನ ಸಂಪಾದಕರದು, ಸಲಹಾ ಅಧ್ಯಾಪಕರು ಅಭಿಪ್ರಾಯ ಹೇಳಬಹುದು ಅಂತಲೂ ಬರೆದೆವು. ಪ್ರಿನ್ಸಿಪಾಲರು ಸಹಿ ಹಾಕಲು ಒಂದು ತಿಂಗಳು ತಗೊಂಡರು.

ಏಳು ತಿಂಗಳ ಮೇಲೆ ವಕೀಲರ ಲೇಖನ ಮತ್ತೆ ಬಂತು. ಕೊನೇ ಭಾಗ ಹೊಸದು. ಹೈಕೋರ್ಟ್ ತೀರ್ಪನ್ನು ಮೊದಲು ನ್ಯಾಯವಾಗಿ ವಿವರಿಸಿ, ಆಮೇಲೆ ಅದು ಯಾಕೆ ತಪ್ಪು ಅಂತ ಎರಡು ಪುಟ ಬರೆದಿದ್ದರು. ವಿಳಂಬಕ್ಕೆ ಅರ್ಜಿದಾರರನ್ನು ಹೊಣೆ ಮಾಡುವ ಮುಂಚೆ, ಕಡತ ಕಳೆದುಹಾಕಿದ ಕಚೇರಿಯ ವಿಳಂಬವನ್ನು ಲೆಕ್ಕಕ್ಕೆ ತಗೊಳ್ಳಬೇಕಲ್ಲವೇ ಅನ್ನುವುದು ಅವರ ವಾದ. ಎಲ್ಲರೂ ಒಪ್ಪುವ ವಾದವಲ್ಲ. ಆದರೆ ಇಡೀ ಲೇಖನದಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಫಾರಂನಲ್ಲಿ ತಮ್ಮ ಅಪೀಲಿನ ವಿಷಯ ತಾವೇ ಬರೆದಿದ್ದರು. ಅಡಿಟಿಪ್ಪಣಿ ಒಟ್ಟು 16.

ಪರಿಶೀಲನೆಗೆ ಅದೇ ಹುಡುಗನಿಗೆ ಕೊಟ್ಟೆ. ಈಗ ಕೊನೇ ವರ್ಷ, ಅನುಭವ ಇದೆ. ಅವನು ಹಾಳೆ ತಗೊಂಡು ಹೋದ, ಮಾರನೇ ದಿನ ವಾಪಸ್ ತಂದ. "ಮೇಡಂ, ಇದನ್ನ ಬೇರೆಯವರಿಗೆ ಕೊಡಿ."

ಯಾಕೆ ಅಂದೆ. ಜಗಳೂರು ಕಡೆ ಅವನ ದೊಡ್ಡಪ್ಪನದು ಮಂಜೂರು ಜಮೀನು. ತಡವಾಯಿತು ಅಂತ ಎ.ಸಿ. ಅರ್ಜಿ ವಜಾ ಮಾಡಿದ್ದರು. ಈಗ ಅಪೀಲಿನಲ್ಲಿದೆ. ಹೋದ ಸಲ 14ನೇ ಟಿಪ್ಪಣಿ ಹುಡುಕುವಾಗಲೂ ಇತ್ತು. ಅಂದರೆ ಆ ತೀರ್ಪು ಇರಲಿ ಅಂತ ಎಲ್ಲರಿಗಿಂತ ಜಾಸ್ತಿ ಬಯಸಿದವನು ಅವನೇ. ಎರಡು ದಿನ ಹುಡುಕಿದ್ದು ತಪ್ಪು ಹಿಡಿಯಲಿಕ್ಕಲ್ಲ. ದೊಡ್ಡಪ್ಪನಿಗೆ ತೋರಿಸಲು ಒಂದು ಪ್ರತಿ ಬೇಕಿತ್ತು.

"ಆಗ ಯಾಕೆ ಹೇಳಲಿಲ್ಲ?"

"ಆಗ ಯಾರೂ ಕೇಳಲಿಲ್ಲ ಮೇಡಂ. ಈಗ್ಲೂ ಫಾರಂ ಲೇಖಕರಿಗೆ ಮಾತ್ರ ಇದೆ. ನಮಗೂ ಇರ್ಬೇಕಲ್ವಾ?"

ಪರಿಶೀಲಕರಿಗೂ ಅದೇ ಫಾರಂ ಮಾಡಿದೆವು. ನನಗೂ ಒಂದು. ಲೇಖನವನ್ನು ಮೊದಲನೇ ವರ್ಷದ ಹುಡುಗಿಯೊಬ್ಬಳಿಗೆ ಕೊಟ್ಟೆವು. ಅವಳು ಹನ್ನೊಂದು ದಿನ ತಗೊಂಡಳು. ಒಂದು ಪ್ಯಾರಾ ನಂಬರು ತಪ್ಪಿದೆ ಅಂತ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದು, ವಕೀಲರಿಗೆ ತಾನೇ ಫೋನ್ ಮಾಡಿದಳು. "ಸರಿ ಮಾಡ್ಕೊಳಮ್ಮ" ಅಂದರಂತೆ. "ಇಲ್ಲ ಸರ್, ನೀವೇ ನೋಡಿ ಹೇಳ್ಬೇಕು" ಅಂದಳಂತೆ.